ಥಳಥಳ, ಪಿಸುಪಿಸು, ಚುಳುಚುಳು

ಕಾಗೆಗೆ ಆ ಹೆಸರನ್ನು ಇಟ್ಟವರು ಯಾರು? ಮನುಷ್ಯರು ಯೋಚಿಸಿ ಇಟ್ಟರೆ, ಅಥವಾ ಆ ಹಕ್ಕಿ ತನ್ನ ಹೆಸರನ್ನು ತಾನೇ ಕೂಗಿ ಹೇಳಿತೆ? ಇದು ಮಕ್ಕಳು ಕೇಳುವ ಪ್ರಶ್ನೆಯಂತೆ ತೋರಬಹುದು. ಆದರೆ ಕ್ರಿಸ್ತಪೂರ್ವ ಕಾಲದಲ್ಲಿಯೇ ನಮ್ಮ ದೇಶದ ಘನ ವಿದ್ವಾಂಸರು ಇದನ್ನು ಕುರಿತು ವಾದ ಹೂಡಿದ್ದರು. ವೇದದ ಶಬ್ದಗಳಿಗೆ ನಿಷ್ಪತ್ತಿ ಹೇಳುವ 'ನಿರುಕ್ತ'ವನ್ನು ರಚಿಸಿದ ಯಾಸ್ಕನು 'ಕಾಕ' ಎಂಬುದು ಹಕ್ಕಿಯ ದನಿಯ ಅನುಕರಣವೇ ಸರಿ, ಹಕ್ಕಿಗಳ ಹೆಸರುಗಳಲ್ಲಿ ಇಂಥವು ಬಹಳ ಎಂದು ಹೇಳಿದನು. ಔಪಮನ್ಯವನೆಂಬ ಆಚಾರ್ಯನಾದರೋ ಇದನ್ನು ಒಪ್ಪಲಿಲ್ಲ. ಅನುಕರಣದಿಂದ ಶಬ್ದ ಹುಟ್ಟುವುದೆಂಬುದೇ ಇಲ್ಲವೆಂದು ಅವನ ಹಟ. ಹಾಗಾದರೆ ಕಾಕ ಎಂಬ ಹೆಸರು ಬಂದದ್ದೆಂತು? ಅಟ್ಟಿ ಓಡಿಸಬೇಕಾದ ಹಕ್ಕಿಯಾದ್ದರಿಂದ, ಎಂದು ಅಟ್ಟುವ ಅರ್ಥದ ಧಾತುವೊಂದನ್ನು ಹುಡುಕಿ ತಂದದ್ದಾಯಿತು! ಹಪ್ಪಳ ಒಣಹಾಕಿ ಕೋಲು ಹಿಡಿದು ಕುಳಿತ ಗೃಹಿಣಿಯರೆಲ್ಲ ಔಪಮನ್ಯವನ ಪಕ್ಷವನ್ನೇ ಹಿಡಿದಾರು. ಆದರೆ ಕಿವಿಯುಳ್ಳವರಿಗೆ ಯಾಸ್ಕನ ಮಾತೇ ಸರಿಯೆಂದು ತೋರುತ್ತದೆ.

'ಕಾಕ' ಎಂಬ ಮಾತಿನಲ್ಲಿ ಒಂದೇ ದನಿ ಎರಡು ಸಲ ಬಂದಿದೆ. ಹೀಗೆ ದನಿಯನ್ನು ಇಮ್ಮಡಿಸಿ ಮಾತು ಕಟ್ಟುವ ಹಂಚಿಕೆ ಲೋಕದ ಭಾಷೆಗಳಲ್ಲಿ ಎಷ್ಟೋ ಕಡೆ ಕಾಣುತ್ತದೆ. ಕನ್ನಡದಲ್ಲಂತೂ ಅದು ತುಂಬಿ ತುಳುಕುತ್ತಿದೆ. ಬೆಳಗಿನಿಂದ ರಾತ್ರಿಯವರೆಗೆ ನಾವು ಆಡುವ ಮಾತಿನಲ್ಲಿ ಸರಸರ, ಗಬಗಬ, ಗಮಗಮ, ಪಿಸುಪಿಸು, ಗಡಗಡ ಎಂಬ ಜೋಡಿಗಳು ಎಷ್ಟು ಸಲ ಬಂದು ಹೋಗುತ್ತವೆಂಬುದನ್ನು ಎಣಿಸಿದವರುಂಟೆ? ೧೨೬೦ರ ಸುಮಾರಿಗೆ 'ಶಬ್ದಮಣಿದರ್ಪಣ'ವನ್ನು ಬರೆದ ಕೇಶಿರಾಜನು ಅನುಕರಣ ಶಬ್ದಗಳಿಗೆ ಅವ್ಯಯ ಪ್ರಕರಣದಲ್ಲಿ ಸ್ಥಾನ ಕೊಟ್ಟನು. ಅವನಿಗಿಂತ ಎಷ್ಟೋ ಹಿಂದೆ ಪಾಣಿನಿಯು ಎರಡು ಸಲ ಹೇಳಿದ ಮಾತಿನ ಎರಡನೆಯ ಭಾಗಕ್ಕೆ 'ಆಮ್ರೇಡಿತ'ವೆಂಬ ಸಂಜ್ಞೆಯನ್ನೇ ಮಾಡಿ, ಬಿಡದೆ ನಡೆಯುವ ಕೆಲಸವನ್ನೂ 'ಪ್ರತಿಯೊಂದೂ' ಎಂಬ ಅರ್ಥವನ್ನೂ ಹೇಳಬೇಕಾದಾಗ ಮಾತು ಇಮ್ಮಡಿಯಾಗುತ್ತದೆಂದು ವಿಧಿಸಿದ್ದನು. ನಮ್ಮ ಶಾಲೆಯ ವ್ಯಾಕರಣ ಪುಸ್ತಕಗಳು ಮಾತ್ರ 'ಅನುಕರಣಾವ್ಯಯ' ಎಂಬ ತಲೆಬರಹದ ಕೆಳಗೆ ಹತ್ತು ಉದಾಹರಣೆಗಳನ್ನು ಸಾಲಾಗಿ ನಿಲ್ಲಿಸಿ, ಮುಂದಿನ ಪಾಠಕ್ಕೆ ಹೋಗಿಬಿಡುತ್ತವೆ. ಹುಡುಗರು ಆ ಹತ್ತನ್ನು ಬಾಯಿಪಾಠ ಮಾಡಿ, ಎರಡು ಅಂಕ ಗಳಿಸಿ ಮರೆಯುತ್ತಾರೆ. ಇದು ಈ ಮಾತುಗಳಿಗೆ ಮಾಡಿದ ಅನ್ಯಾಯವೆಂದು ನನ್ನ ಮತ. ಏಕೆಂದರೆ ಅವು ಭಾಷೆಯ ಒಡವೆಗಳಲ್ಲ, ಭಾಷೆಯ ಅಳತೆಗೋಲುಗಳು.

ಅದೆಂತು ಎಂದು ವಾಚಕರು ಕೇಳಬಹುದು. ಹಗ್ಗ 'ಪಟ್ಟನೆ' ಹರಿಯಿತು ಎಂದರೆ ಒಂದೇ ಏಟಿಗೆ ಹರಿಯಿತು ಎಂದು ಅರ್ಥ. ಬಾವುಟ 'ಪಟಪಟ' ಹೊಡೆದುಕೊಂಡಿತು ಎಂದರೆ ಗಾಳಿ ನಿಂತಿಲ್ಲವೆಂದು ಅರ್ಥ. ಕಟ್ಟಿಗೆ 'ಚಟ್ಟನೆ' ಸಿಡಿಯುವುದು ಒಮ್ಮೆ; 'ಚಟಚಟ' ಉರಿಯುವುದು ಬಹಳ ಹೊತ್ತು. ಹಾವು 'ಸರ್ರನೆ' ನುಗ್ಗಿ ಮಾಯವಾಗುತ್ತದೆ. ಕೆಲಸದವಳು 'ಸರಸರ' ಕಸ ಗುಡಿಸುತ್ತಾಳೆ. ಒಂದು ಸಲದ ಘಟನೆಗೆ ಒಂಟಿ ರೂಪ, ಮುಂದುವರಿಯುವ ಕ್ರಿಯೆಗೆ ಜೋಡಿ ರೂಪ. ಪಾಣಿನಿ ಹೇಳಿದ 'ಬಿಡದೆ ನಡೆಯುವುದು' ಎಂಬ ಅರ್ಥವೇ ಇದು. ಹಳ್ಳಿಯ ಹುಡುಗನೂ ಇದರಲ್ಲಿ ತಪ್ಪುವುದಿಲ್ಲ. ಇದನ್ನು ಅವನಿಗೆ ಯಾರೂ ಕಲಿಸಿಯೂ ಇಲ್ಲ.

ಇನ್ನು ಸ್ವರವನ್ನು ಬದಲಿಸಿ ನೋಡಿ. ದೊಡ್ಡ ಗೆಜ್ಜೆ 'ಗಲಗಲ', ಮಗುವಿನ ಗಿಲಕಿ 'ಗಿಲಿಗಿಲಿ'. ಭಾಷಣಕಾರನ ಮಾತು 'ಪಟಪಟ', ಜಪಮಾಡುವ ಮುದುಕಿಯ ತುಟಿ 'ಪಿಟಿಪಿಟಿ'. ಅಕಾರದಲ್ಲಿ ದೊಡ್ಡದು, ಇಕಾರದಲ್ಲಿ ಚಿಕ್ಕದು. ಉಕಾರಕ್ಕೆ ಬಂದರೆ ಸದ್ದು ಒಳಗೆ ಹೋಗಿ 'ಗುಡುಗುಡು', 'ಗುಸುಗುಸು' ಎಂದು ಮುಚ್ಚಿಕೊಳ್ಳುತ್ತದೆ. ಇದಕ್ಕೆ ಅಪವಾದಗಳಿಲ್ಲದಿಲ್ಲ, ಆದರೂ ದಾರಿ ಸ್ಪಷ್ಟ. ದನಿಗೂ ಆಕಾರಕ್ಕೂ ಒಂದು ಒಳನಂಟು ಇದ್ದೀತೆಂಬುದನ್ನು ಮನಶ್ಶಾಸ್ತ್ರಜ್ಞರೂ ಪರೀಕ್ಷಿಸಿದ್ದಾರೆ. ಜರ್ಮನಿಯ ವೊಲ್ಫ್‌ಗಾಂಗ್ ಕೋಹ್ಲರ್ ೧೯೨೯ರಲ್ಲಿ ಇಂಥದೊಂದು ಪ್ರಯೋಗವನ್ನು ವಿವರಿಸಿದ್ದರು. ೨೦೦೧ರಲ್ಲಿ ವಿ. ಎಸ್. ರಾಮಚಂದ್ರನ್ ಮತ್ತು ಎಡ್ವರ್ಡ್ ಹಬರ್ಡ್ ಅದನ್ನು ಹೊಸದಾಗಿ ಜಗತ್ತಿನ ಮುಂದೆ ಇಟ್ಟರು. ಒಂದು ಮೊನೆಮೊನೆಯಾದ ಚಿತ್ರ, ಒಂದು ದುಂಡುದುಂಡಾದ ಚಿತ್ರ. ಇವುಗಳಲ್ಲಿ 'ಕಿಕಿ' ಯಾವುದು, 'ಬೂಬ' ಯಾವುದು ಎಂದು ಕೇಳಿದರೆ, ಬಹುಪಾಲು ಜನ ಮೊನೆಯುಳ್ಳದ್ದೇ ಕಿಕಿ ಎನ್ನುತ್ತಾರೆ. ವಾಚಕರು ಮನೆಯಲ್ಲಿ ಮಕ್ಕಳಿಗೆ ಈ ಚಿತ್ರಗಳನ್ನು ಬರೆದು ತೋರಿಸಿ ಕೇಳಬಹುದು, ಖರ್ಚಿಲ್ಲದ ಪ್ರಯೋಗ.

ಮಳೆಯ ವಿಷಯವನ್ನೇ ತೆಗೆದುಕೊಳ್ಳೋಣ. ನಾನು ಮಲೆನಾಡಿನವನಾದ್ದರಿಂದ ಈ ಮಾತಿನಲ್ಲಿ ಸ್ವಲ್ಪ ಸಲುಗೆ ವಹಿಸುತ್ತೇನೆ. ಮೊದಲ ಮಳೆಯ ದಪ್ಪ ಹನಿಗಳು ಒಣ ಎಲೆಯ ಮೇಲೆ 'ಪಟಪಟ' ಬೀಳುತ್ತವೆ. ಆಷಾಢದಲ್ಲಿ ಅದು 'ಧೋಧೋ' ಎಂದು ಸುರಿಯುತ್ತದೆ. ಹೊಡೆತ ತಗ್ಗಿದ ಮೇಲೆ 'ಜಿಟಿಜಿಟಿ' ಹಿಡಿಯುತ್ತದೆ; ಬಟ್ಟೆ ಒಣಗದು, ಸೌದೆ ಹತ್ತದು, ಮನೆಯವರ ಮನಸ್ಸೂ ಹಸಿಯಾಗಿಯೇ ಇರುತ್ತದೆ. ಮಳೆ ನಿಂತಮೇಲೂ ಸೂರಿನಿಂದ 'ತೊಟತೊಟ' ತೊಟ್ಟಿಕ್ಕುತ್ತದೆ. ಇವುಗಳಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಸುಳ್ಳು ಹೇಳಿದಂತಾಗುತ್ತದೆ. ಜಪಾನಿಯರದೂ ಮಳೆಯ ನಾಡು. ಅವರಲ್ಲಿಯೂ ಮೆಲ್ಲನೆಯ ಮಳೆ 'ಶಿತೊಶಿತೊ', ಸುರಿವ ಮಳೆ 'ಝಾಝಾ'. ಈ ಎರಡನ್ನು ಕೇಳಿದ ಕನ್ನಡಿಗನಿಗೆ ಯಾವುದು ಜಿಟಿಜಿಟಿ, ಯಾವುದು ಧೋಧೋ ಎಂದು ಅನುವಾದಕನ ನೆರವಿಲ್ಲದೆಯೇ ಗೊತ್ತಾಗುತ್ತದೆ.

ಇಂಥ ಮಾತಿಗೆ ಪಾಠಶಾಲೆಯಲ್ಲಿ ಸಿಗುವ ಮರ್ಯಾದೆಯನ್ನು ನೋಡಿ. ಒಬ್ಬ ವಿದ್ಯಾರ್ಥಿ ಪ್ರಬಂಧದಲ್ಲಿ 'ಜಿಟಿಜಿಟಿ ಮಳೆ ಹಿಡಿದಿತ್ತು' ಎಂದು ಬರೆದಿದ್ದನು. ಅದನ್ನು ತಿದ್ದಿದ ಅಧ್ಯಾಪಕರು 'ಗ್ರಾಮ್ಯ' ಎಂದು ಕೆಂಪುಮಸಿಯಲ್ಲಿ ಗೆರೆ ಎಳೆದು, 'ಅಲ್ಪ ಪ್ರಮಾಣದ ವೃಷ್ಟಿಯಾಗುತ್ತಿತ್ತು' ಎಂದು ಮೇಲೆ ಬರೆದಿದ್ದರು. ಆ ಕಾಗದ ಕೈಗೆ ಬಂದಾಗ ನನಗೆ ನಗು ಬಂದಿತು, ಅದರ ಹಿಂದೆಯೇ ವ್ಯಥೆಯೂ ಆಯಿತು. ಅಲ್ಪ ಪ್ರಮಾಣ ಎಂಬುದು ಮಳೆಯ ಅಳತೆಯನ್ನು ಹೇಳಿತು. ಬಿಡುವಿಲ್ಲದೆ ಬೇಸರ ಹುಟ್ಟಿಸುವ ಅದರ ಸ್ವಭಾವವನ್ನು ಹೇಳಲಿಲ್ಲ. ಗ್ರಾಮ್ಯವೆಂದು ಇವನ್ನು ತಳ್ಳುವವರು ಕುಮಾರವ್ಯಾಸನ ಯುದ್ಧಪರ್ವಗಳನ್ನು ಏನು ಮಾಡುತ್ತಾರೆ? ಅಲ್ಲಿ ಇವು ದಂಡುದಂಡಾಗಿ ನಡೆದು ಬರುತ್ತವೆ. ಇನ್ನು ಬೇಂದ್ರೆಯವರ ಕಾವ್ಯದಿಂದ ಇವನ್ನು ಕಿತ್ತು ಹಾಕಿದರೆ ಕುಣಿತವೇ ನಿಂತುಹೋದೀತು.

ಸದ್ದನ್ನು ಸದ್ದಿನಿಂದ ಹೇಳುವುದು ದೊಡ್ಡದಲ್ಲ, ಗಿಣಿಯೂ ಮಾಡೀತು ಎನ್ನುವವರಿದ್ದಾರೆ. ಅವರಿಗೆ ನನ್ನದೊಂದು ಸವಾಲು. ಬೆಳ್ಳಿಯ ತಟ್ಟೆ 'ಥಳಥಳ' ಹೊಳೆಯುತ್ತದೆಯಲ್ಲ, ಅದರಲ್ಲಿ ಯಾವ ಸದ್ದಿದೆ? ಕೆಂಡ 'ನಿಗಿನಿಗಿ', ಹಣತೆ 'ಮಿಣಮಿಣ', ಕೂಸಿನ ಕಣ್ಣು 'ಪಿಳಿಪಿಳಿ', ಸಂಪಿಗೆ 'ಗಮಗಮ', ಮಾಗಿಯ ಬೆಳಗು 'ಚುಮುಚುಮು'. ಇಲ್ಲಿ ಕಿವಿಗೆ ಕೆಲಸವೇ ಇಲ್ಲ. ಕಣ್ಣು, ಮೂಗು, ಚರ್ಮ ಉಂಡ ಅನುಭವವನ್ನು ನಾಲಿಗೆ ದನಿಯಾಗಿ ತಿರುಗಿಸಿದೆ. ಮದುವೆ ಮುಗಿದು ನೆಂಟರೆಲ್ಲ ಹೊರಟುಹೋದ ಮನೆ 'ಭಣಭಣ' ಎನ್ನುತ್ತದೆ. ಸದ್ದಿಲ್ಲದಿರುವುದಕ್ಕೂ ನಾವು ಒಂದು ಸದ್ದನ್ನು ಕಂಡುಹಿಡಿದಿದ್ದೇವೆ! ಮೇಲಾಗಿ ಇವುಗಳಲ್ಲಿ ಹೆಚ್ಚಿನವನ್ನು ಒಡೆಯಲು ಬಾರದು. 'ಥಳ' ಎಂದು ಒಂದೇ ಸಲ ಹೇಳಿದರೆ ಅರ್ಥವಿಲ್ಲ. ಎರಡು ಸಲ ಹೇಳಿದಾಗಲೇ ಅದಕ್ಕೆ ಜೀವ.

ಈ ಸಂಪತ್ತು ಕನ್ನಡದ್ದು ಮಾತ್ರವಲ್ಲ. ಅಮೆರಿಕದ ಭಾಷಾವಿಜ್ಞಾನಿ ಎಂ. ಬಿ. ಎಮೆನೋ ಅವರು ೧೯೩೫ರಿಂದ ೧೯೩೮ರ ವರೆಗೆ ನಮ್ಮ ದೇಶದಲ್ಲಿದ್ದು, ನೀಲಗಿರಿಯ ತೊದ, ಕೋತ ಭಾಷೆಗಳನ್ನೂ ನಮ್ಮ ಕೊಡವ ಭಾಷೆಯನ್ನೂ ಅಭ್ಯಾಸ ಮಾಡಿದವರು. ಭಾರತವೆಂಬುದು ಒಂದೇ 'ಭಾಷಾಪ್ರದೇಶ', ಇಲ್ಲಿ ಬೇರೆಬೇರೆ ಕುಲದ ಭಾಷೆಗಳು ನೆರೆಹೊರೆಯ ಬಾಳಿನಿಂದ ಒಂದರ ಗುಣವನ್ನೊಂದು ಪಡೆದಿವೆ ಎಂದು ಅವರು ೧೯೫೬ರಲ್ಲಿ ಪ್ರತಿಪಾದಿಸಿದರು. ೧೯೬೯ರಲ್ಲಿ ಈ ಅನುಕರಣ ಶಬ್ದಗಳನ್ನೇ ಆ ವಾದಕ್ಕೆ ಸಾಕ್ಷಿಯಾಗಿ ತಂದರು. ದ್ರಾವಿಡ ಭಾಷೆಗಳಲ್ಲಿ ಇವು ಹೇರಳ, ಋಗ್ವೇದದಲ್ಲಿ ವಿರಳ, ಮುಂದಿನ ಸಂಸ್ಕೃತದಲ್ಲಿಯೂ ಹಿಂದಿ ಮರಾಠಿಗಳಲ್ಲಿಯೂ ಬರಬರುತ್ತ ಬೆಳೆದಿವೆ. 'ಕಾಫಿಗೀಫಿ', 'ಪುಸ್ತಕಗಿಸ್ತಕ' ಎಂಬ ಮಾರ್ದನಿಯ ಮಾತುಗಳೂ ಹೀಗೆಯೇ ದೇಶವನ್ನೆಲ್ಲ ವ್ಯಾಪಿಸಿವೆ. ನಾವು 'ಗಿ' ಹಚ್ಚುವಲ್ಲಿ ಹಿಂದಿಯವರು 'ಚಾಯ್‌ವಾಯ್' ಎಂದು 'ವ' ಹಚ್ಚುತ್ತಾರೆ, ಮರಾಠಿಯವರು 'ಬಿ' ಹಚ್ಚುತ್ತಾರೆ. ಮೂಲದ ಮೊದಲಕ್ಷರ ದೀರ್ಘವಾದರೆ 'ಗೀ', ಹ್ರಸ್ವವಾದರೆ 'ಗಿ' ಎಂಬ ನಿಯಮವನ್ನು ನಾವು ಅರಿಯದೆಯೇ ಪಾಲಿಸುತ್ತೇವೆ. 'ಗಿಣಿ'ಗೆ ಏನು ಹಚ್ಚುತ್ತೀರಿ ಎಂದು ಕೇಳಿದರೆ ಮಾತ್ರ ಎಂಥ ವಾಚಾಳಿಯೂ ಒಂದು ಕ್ಷಣ ತಡವರಿಸುತ್ತಾನೆ.

ಈ ಇಮ್ಮಡಿ ದನಿಯ ಮೊದಲ ಪಾಠ ತೊಟ್ಟಿಲಲ್ಲಿಯೇ ಆಗುತ್ತದೆ. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ಅತ್ತೆ ಎಂಬ ನಮ್ಮ ನಂಟಿನ ಹೆಸರುಗಳಲ್ಲೆಲ್ಲ ವ್ಯಂಜನ ಒತ್ತಾಗಿ ಇಮ್ಮಡಿಸಿದೆ; ಮಾಮ, ತಾತ, ಉತ್ತರ ಕರ್ನಾಟಕದ ಕಾಕಾ, ಇವುಗಳಲ್ಲಿ ಅಕ್ಷರವೇ ಇಮ್ಮಡಿಸಿದೆ. ಎಷ್ಟೋ ಭಾಷೆಗಳಲ್ಲಿ ತಾಯಿಗೆ ಮಕಾರವೂ ತಂದೆಗೆ ಪಕಾರ ತಕಾರಗಳೂ ಏಕೆ ಬರುತ್ತವೆ? ರೋಮಾನ್ ಯಾಕೊಬ್ಸನ್ ಎಂಬ ವಿದ್ವಾಂಸರು ಲೋಕದ ನಾನಾ ಭಾಷೆಗಳಿಂದ ಕೂಡಿಸಿದ ಸಾವಿರಕ್ಕೂ ಮಿಕ್ಕಿದ ಶಬ್ದಗಳ ಆಧಾರದಿಂದ ೧೯೫೯ರಲ್ಲಿ ಇದನ್ನು ಚರ್ಚಿಸಿದರು. ಮೊಲೆಯುಣ್ಣುವ ಮಗುವಿನ ಬಾಯಿ ಮುಚ್ಚಿರುವಾಗ ಮೂಗಿನಿಂದ ಹೊರಡಬಹುದಾದ ಮಂದ್ರಧ್ವನಿಯೇ ಮಕಾರ; ಅದೇ ಹಸಿವಿನ ಕರೆಯಾಗಿ, ಉಣಿಸುವವಳ ಹೆಸರಾಗಿ ನಿಂತಿತು ಎಂಬುದು ಅವರ ವಿವರಣೆ. ಆದರೆ ಪ್ರಕೃತಿ ದನಿಯನ್ನು ಕೊಟ್ಟೀತೇ ಹೊರತು, ಅದರ ಅರ್ಥವನ್ನು ಸಮಾಜವೇ ಹಂಚಬೇಕು. ಜಾರ್ಜಿಯ ದೇಶದಲ್ಲಿ 'ಮಾಮಾ' ಎಂದರೆ ತಂದೆ, 'ದೇದಾ' ಎಂದರೆ ತಾಯಿ! ಜಪಾನಿನಲ್ಲಿ 'ಹಾಹಾ' ಎಂದರೆ ತಾಯಿ, 'ಚಿಚಿ' ಎಂದರೆ ತಂದೆ. ನಮ್ಮಲ್ಲಿ ಮಾಮನೆಂದರೆ ತಾಯಿಯ ತಮ್ಮನೋ ಅಣ್ಣನೋ ಎಂಬುದನ್ನು ಜಾರ್ಜಿಯದವನಿಗೆ ತಿಳಿಹೇಳುವುದು ಸುಲಭವಲ್ಲ.

ಹೆಸರುಗಳ ಮಾತು ಬಂದಿತು. ಕನ್ನಡದ ಆದಿಕವಿಯ ಹೆಸರೇ ಹೀಗೆ ಒಂದಕ್ಷರ ಎರಡು ಸಲ ಬಂದ ಹೆಸರು: ಪಂಪ. ತುಂಗಭದ್ರೆಗೂ ಪಂಪೆಯೆಂಬ ಹಳೆಯ ಹೆಸರುಂಟು; ಅದರ ದಡದ ಕ್ಷೇತ್ರವೇ ಇಂದಿನ ಹಂಪೆ. ಹತ್ತನೆಯ ಶತಮಾನದಿಂದೀಚೆಗೆ ಕನ್ನಡದಲ್ಲಿ ಶಬ್ದದ ಆದಿಯ ಪಕಾರ ಮೆಲ್ಲಮೆಲ್ಲನೆ ಹಕಾರವಾಯಿತು; ಪಾಲು ಹಾಲಾಯಿತು, ಪೂ ಹೂವಾಯಿತು, ಪಂಪೆ ಹಂಪೆಯಾಯಿತು. ಆದರೆ ಬಿಂದುವಿನ ಬೆಂಬಲವಿದ್ದ ಎರಡನೆಯ ಪಕಾರ ಕೆಂಪು, ಇಂಪು, ಗುಂಪುಗಳಲ್ಲಿದ್ದಂತೆ ಹಾಗೆಯೇ ಉಳಿಯಿತು. ಹೀಗಾಗಿ ಅವಳಿಗಳಂತಿದ್ದ ಎರಡು ದನಿಗಳು ಆ ಹೆಸರಿನಲ್ಲಿ ಬೇರೆಯಾದವು. ಇದಕ್ಕಿಂತ ಸೋಜಿಗವೊಂದುಂಟು. ಈ ಹಕಾರದ ಪ್ರವಾಹದಲ್ಲಿ ಪಟಪಟ, ಪಳಪಳ, ಪಿಸುಪಿಸು, ಪಿಳಿಪಿಳಿಗಳು ಕೊಚ್ಚಿಹೋಗಲಿಲ್ಲ. ಪಲ್ಲು 'ಹಲ್ಲು' ಆದರೂ ಪಿಸುಪಿಸು 'ಹಿಸುಹಿಸು' ಆಗಲಿಲ್ಲ. ದನಿಯೇ ಅರ್ಥವಾಗಿರುವ ಮಾತು ದನಿಯನ್ನು ಬಿಟ್ಟುಕೊಟ್ಟರೆ ಉಳಿಯುವುದೇನು? ದೊಡ್ಡ ದೊಡ್ಡ ಶಬ್ದಗಳು ತಲೆಬಾಗಿದ ನಿಯಮಕ್ಕೆ ಈ ಮಕ್ಕಳ ಮಾತುಗಳು ಬಾಗದೆ ನಿಂತವು.

ಸದ್ದಿನಿಂದಲೇ ಹೆಸರು ಪಡೆದ ವಸ್ತುಗಳೂ ಉಂಟು. ಹುಕ್ಕಕ್ಕೆ 'ಗುಡುಗುಡಿ' ಎಂದರು. ಶಿಶುನಾಳ ಷರೀಫರು ಅದನ್ನು ತತ್ತ್ವಪದಕ್ಕೇ ವಸ್ತುವಾಗಿ ಮಾಡಿಕೊಂಡರು. ಮೋಟಾರ್ ಸೈಕಲ್ಲಿಗೆ ಬಯಲುಸೀಮೆಯ ಜನ 'ಫಟಫಟಿ' ಎಂದು ಕೂಗಿದರು. ಬೆಳಕು ಹರಿಯುವ ಮುನ್ನ ಕೈಯ ಪುಟ್ಟ ವಾದ್ಯವನ್ನು ಆಡಿಸುತ್ತ ಬಂದು, ಹಾಲಕ್ಕಿಯ ಶಕುನ ಹೇಳುವವರಿಗೆ ಆ ವಾದ್ಯದ ಸದ್ದೇ ಹೆಸರಾಯಿತು: ಬುಡಬುಡಿಕೆಯವರು. ಒಂದು ಜನಸಮುದಾಯವೇ ದನಿಯೊಂದರ ಹೆಸರಿನಲ್ಲಿ ಬಾಳಿದ್ದು ಸಣ್ಣ ಸಂಗತಿಯಲ್ಲ. ನಗರಗಳ ಬೀದಿಗಳಲ್ಲಿ ಈಗ ಆ ವಾದ್ಯ ಕೇಳಿಬರುವುದು ಅಪರೂಪ.

ಹೊರದೇಶಗಳಲ್ಲಿ ಊರಿನ ಹೆಸರನ್ನೇ ಇಮ್ಮಡಿಸಿದ ಸಂದರ್ಭಗಳು ಹಲವು. ಆಸ್ಟ್ರೇಲಿಯದಲ್ಲಿ 'ವಾಗಾ ವಾಗಾ' ಎಂಬ ಪಟ್ಟಣವಿದೆ. ಅಲ್ಲಿನ ಮೂಲನಿವಾಸಿಗಳಾದ ವಿರಾಜುರಿ ಜನರ ಭಾಷೆಯ ಹೆಸರು. ಆ ಭಾಷೆಯಲ್ಲಿ ಮಾತನ್ನು ಎರಡು ಸಲ ಹೇಳಿದರೆ ಬಹುತ್ವ. ಬಹುಕಾಲ ಅದಕ್ಕೆ 'ಕಾಗೆಗಳ ಬೀಡು' ಎಂದು ಬಿಳಿಯರು ಅರ್ಥ ಹೇಳಿಕೊಂಡು ಬಂದರು. ಅದು ಕಾಗೆಯಲ್ಲ, ಕುಣಿತ. ನೃತ್ಯೋತ್ಸವಗಳು ಬಹಳವಾಗಿ ನಡೆಯುವ ಸ್ಥಳ ಎಂಬ ವಿರಾಜುರಿ ಹಿರಿಯರ ಅಭಿಪ್ರಾಯವನ್ನು ಅಲ್ಲಿನ ನಗರಸಭೆ ೨೦೧೯ರಲ್ಲಿ ಅಂಗೀಕರಿಸಿತು. ಹವಾಯಿ ದ್ವೀಪದ ಭಾಷೆಯಲ್ಲಿ 'ವಿಕಿವಿಕಿ' ಎಂದರೆ ಬೇಗಬೇಗ. ಹೊನೊಲುಲು ವಿಮಾನ ನಿಲ್ದಾಣದ ಬಸ್ಸಿಗಿದ್ದ ಆ ಹೆಸರನ್ನು ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್ ೧೯೯೫ರಲ್ಲಿ ತಮ್ಮ ಗಣಕಯಂತ್ರದ ಹೊಸ ಏರ್ಪಾಟಿಗೆ ಇಟ್ಟರು. ಅದರಿಂದ ಇಂದಿನ ವಿಕಿಪೀಡಿಯಕ್ಕೆ ಹೆಸರು ಬಂದಿತು. ೨೦೦೩ರಿಂದ ಕನ್ನಡದಲ್ಲಿಯೂ ಇರುವ ಆ ವಿಶ್ವಕೋಶವನ್ನು ನೋಡುವವರಿಗೆಲ್ಲ, ಅದರ ಹೆಸರಿನಲ್ಲಿ ನಮ್ಮ 'ಸರಸರ'ದ ನೆಂಟನೊಬ್ಬ ಅಡಗಿದ್ದಾನೆಂಬುದು ತಿಳಿದಿರಲಾರದು. ಇಂಡೊನೇಷಿಯದ ಭಾಷೆಯಲ್ಲಂತೂ ಇಮ್ಮಡಿಯೇ ಬಹುವಚನ. 'ಒರಾಂಗ್' ಎಂದರೆ ಮನುಷ್ಯ, 'ಒರಾಂಗ್ ಒರಾಂಗ್' ಎಂದರೆ ಜನರು. ಎರಡು ಸಲ ಬರೆಯುವ ಶ್ರಮವೇಕೆಂದು ಮಾತಿನ ಮುಂದೆ '೨' ಎಂಬ ಅಂಕಿಯನ್ನು ಹಾಕುವ ರೂಢಿಯಿತ್ತು; ೧೯೭೨ರ ಕಾಗುಣಿತ ಸುಧಾರಣೆ ಅದನ್ನು ಕೈಬಿಟ್ಟಿತು. ಹುಷಾರಾಗಿರಬೇಕು: ಅಲ್ಲಿ 'ಮಾತಾ' ಎಂದರೆ ಕಣ್ಣು, ಆದರೆ 'ಮಾತಾ ಮಾತಾ' ಎಂದರೆ ಕಣ್ಣುಗಳಷ್ಟೇ ಅಲ್ಲ, ಗೂಢಚಾರ!

ಒಂದು ರೋಗಕ್ಕೂ ಇಂಥ ಹೆಸರುಂಟು: ಬೆರಿಬೆರಿ. ಇದು ಸಿಂಹಳ ಭಾಷೆಯ ಮಾತೆಂದು ನಿಘಂಟುಗಳು ಹೇಳುತ್ತವೆ. ಅಲ್ಲಿ ಅದು ನಿಶ್ಶಕ್ತಿಯನ್ನು ಸೂಚಿಸುತ್ತದೆ. ಎರಡು ಸಲ ಹೇಳಿದಾಗ 'ಆಗದು, ಕೈಲಾಗದು' ಎಂಬ ನರಳಾಟವೇ ಕೇಳಿಸುತ್ತದೆ. ಹೊಳಪು ಕೊಟ್ಟ ಬಿಳಿ ಅಕ್ಕಿಯನ್ನೇ ಉಂಡು ಬಿ-೧ ಜೀವಸತ್ತ್ವ ಸಾಲದೆ ಬರುವ ಈ ರೋಗದ ಗುಟ್ಟನ್ನು ಜಾವಾದಲ್ಲಿ ಕೋಳಿಗಳನ್ನು ಗಮನಿಸಿ ಹಿಡಿದವರು ಡಚ್ ವೈದ್ಯ ಐಕ್‌ಮನ್. ೧೯೨೯ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ರೋಗಿಯ ದೂರೇ ರೋಗದ ಹೆಸರಾಗಿ ವೈದ್ಯಗ್ರಂಥವನ್ನು ಸೇರಿದ್ದನ್ನು ನೆನೆದಾಗಲೆಲ್ಲ ನನ್ನ ಸೋದರತ್ತೆಯ ಪ್ರಸಂಗ ನೆನಪಿಗೆ ಬರುತ್ತದೆ.

ಅತ್ತೆಗೆ ಎಪ್ಪತ್ತು ದಾಟಿದೆ. ಊರು ತೀರ್ಥಹಳ್ಳಿಯ ಕಡೆ. ಕಾಲು ನೋವೆಂದು ನಗರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ವೈದ್ಯರು ಹೊರರಾಜ್ಯದ ತರುಣರು, ಕನ್ನಡ ಬಾರದು. ದಾದಿಯೊಬ್ಬರು ದುಭಾಷಿಯಾಗಿ ನಿಂತಿದ್ದರು. ನಮ್ಮನ್ನು ಬಾಗಿಲಲ್ಲಿಯೇ ನಿಲ್ಲಿಸಿದ್ದರು. ಅತ್ತೆ ತಮ್ಮ ಕಷ್ಟವನ್ನು ಎಳೆಎಳೆಯಾಗಿ ಬಿಡಿಸಿ ಹೇಳಿದರು: "ಪಾದ ಇಡೀ ಹೊತ್ತು ಜುಮುಜುಮು ಅಂತದೆ. ಬೆರಳ ತುದೀಲಿ ಚುಳುಚುಳು. ರಾತ್ರಿ ಮಲಗಿದ್ರೆ ಅಂಗಾಲು ಧಗಧಗ ಉರೀತದೆ. ಮಂಡಿ ಕಟಕಟ ಅನ್ನೋದು ಮುಂಚಿಂದೂ ಇತ್ತು, ಅದು ಹಾಳಾಗಿ ಹೋಗ್ಲಿ." ದಾದಿ ಇದಿಷ್ಟನ್ನೂ ಕೇಳಿ, ವೈದ್ಯರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದ್ದು ಎರಡೇ ಮಾತು: ಕಾಲು ನೋವು. ವೈದ್ಯರು ನೋವಿನ ಮಾತ್ರೆಯನ್ನೂ ಮಂಡಿಗೆ ಹಚ್ಚುವ ಮುಲಾಮನ್ನೂ ಬರೆದುಕೊಟ್ಟರು.

ನೋವೆಂಬುದು ಒಂದಲ್ಲ, ಅದರ ಬಗೆಯನ್ನು ತಿಳಿಯದೆ ಮೂಲ ತಿಳಿಯದು ಎಂಬುದನ್ನು ವೈದ್ಯಶಾಸ್ತ್ರವೂ ಬಲ್ಲದು. ಕೆನಡದ ಮ್ಯಾಕ್‌ಗಿಲ್ ವಿಶ್ವವಿದ್ಯಾನಿಲಯದ ರೊನಾಲ್ಡ್ ಮೆಲ್‌ಝ್ಯಾಕ್ ಅವರು ೧೯೭೫ರಲ್ಲಿ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಚುಚ್ಚುವ, ಸಿಡಿಯುವ, ಉರಿಯುವ, ಹಿಂಡುವ ನೋವುಗಳನ್ನು ಬೇರೆಬೇರೆಯಾಗಿ ಗುರುತಿಸಲು ಅದರಲ್ಲಿ ೭೮ ಶಬ್ದಗಳನ್ನು ೨೦ ಗುಂಪುಗಳಾಗಿ ವಿಂಗಡಿಸಿದ್ದಾರೆ. ಜಪಾನಿನಲ್ಲಿ ರೋಗಿಗಳು 'ಝುಕಿಝುಕಿ' ಎಂದರೆ ಮಿಡಿಯುವ ನೋವು, 'ಚಿಕುಚಿಕು' ಎಂದರೆ ಮುಳ್ಳಾಡಿಸಿದಂಥ ನೋವು. ನಮ್ಮ ಹಳ್ಳಿಯ ಹೆಂಗಸರ ಬಳಿ ಇಂಥ ಪ್ರಶ್ನಾವಳಿ ಅಚ್ಚಾಗದೆಯೇ ಸಿದ್ಧವಾಗಿದೆ. 'ಚುಳಕ್' ಎಂದರೆ ಒಮ್ಮೆ ಬಂದುಹೋದದ್ದು. 'ಚುಳುಚುಳು' ಎಂದರೆ ಬಿಡದೆ ಕಾಡುವುದು. ಎದೆ 'ಢವಢವ', ತಲೆ 'ಗಿರಗಿರ', ಹೊಟ್ಟೆ 'ಚುರುಚುರು', ಕಿವಿ 'ಗುಂಯ್‌ಗುಂಯ್'. ಇವೆಲ್ಲವೂ ದುಭಾಷಿಯ ಬಾಯಲ್ಲಿ ನೋವು ಎಂಬ ಒಂದೇ ಮಾತಾಗಿ ಕರಗಿದರೆ, ರೋಗಿ ಹೇಳಿದ್ದರಲ್ಲಿ ವೈದ್ಯರಿಗೆ ಮುಟ್ಟಿದ್ದು ಎಷ್ಟು?

ತಿಂಗಳು ಕಳೆದರೂ ಗುಣ ಕಾಣದೆ, ಊರ ಸಮೀಪದ ಹಿರಿಯ ವೈದ್ಯರೊಬ್ಬರಲ್ಲಿಗೆ ಹೋದೆವು. ಅತ್ತೆ ಅ ಮೊದಲಿನ ಕಥೆಯನ್ನೇ ಹೇಳಿದರು. ವೈದ್ಯರು ಬರೆಯುವುದನ್ನು ನಿಲ್ಲಿಸಿ ಕೇಳಿದರು: "ಜುಮುಜುಮು ಮೊದಲು ಶುರುವಾಯ್ತೋ, ಧಗಧಗ ಮೊದಲೋ ಅಮ್ಮ? ಎರಡು ಕಾಲಲ್ಲೂ ಒಂದೇ ಥರವೇ?" ಅತ್ತೆಯ ಮುಖ ಅರಳಿತು. ಆಮೇಲೆ ರಕ್ತಪರೀಕ್ಷೆ ಮಾಡಿಸಿದರು. ಅದುವರೆಗೆ ಯಾರೂ ಕಂಡುಹಿಡಿಯದಿದ್ದ ಸಕ್ಕರೆ ಕಾಯಿಲೆ ಒಳಗೇ ಬೆಳೆದು ಪಾದದ ನರಗಳನ್ನು ಹಿಡಿದಿತ್ತು. ನರದ ನೋವಿಗೆ ಮಂಡಿಯ ಮುಲಾಮು ಏನು ಮಾಡೀತು?

ಚಿಕಿತ್ಸೆ ನಡೆದಿದೆ. ಕಳೆದ ವಾರ ದೂರವಾಣಿಯಲ್ಲಿ ಕೇಳಿದಾಗ ಅತ್ತೆ ಹೇಳಿದರು: "ಧಗಧಗ ಹೋಯ್ತು ಮಾರಾಯ, ರಾತ್ರಿ ನಿದ್ದೆ ಬರ್ತದೆ. ಚುಳುಚುಳು ಅಪರೂಪಕ್ಕೆ. ಜುಮುಜುಮು ಮಾತ್ರ ಹಂಗೇ ಉಂಟು. ಮುಂದಿನ ಸಲ ಡಾಕ್ಟ್ರಿಗೆ ಅದನ್ನೇ ಹೇಳ್ಬೇಕು."